ಕೋಪನ್‌ಹೇಗನ್ನಿಗೆ ಹೊರಟ ಮಗಳಿಗೆ

ಪುಟ್ಟಿ,

ಶನಿವಾರ ರಾತ್ರಿ ಊಟಕ್ಕೆ ಕೂತಾಗ, ಕೋಪನ್‌ಹೇಗನ್ನಿಗೆ ನಿನ್ನನ್ನು ಆರಿಸಿದ ಕಾಗದ ನೀನು ತೋರಿಸಿದ ಮೇಲೆ ಆದ ಮಾತನ್ನು ಮತ್ತೆ ಎತ್ತುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ನನ್ನ ದನಿ ಏರಿತು, ಕ್ಷಮಿಸು. ಎದುರಿಗೆ ಕೂತರೆ ನಾನು ವೀಸಾ, ಫೀಸು, ಇನ್ಶೂರೆನ್ಸ್ ಅಂತ ಶುರು ಮಾಡುತ್ತೇನೆ, ನೀನು ಎದ್ದು ಹೋಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನೀನು ಬಾಸ್ಟನ್ನಿಗೆ ವಾಪಸ್ ಹೋದಾಗಿನಿಂದ ಆ ಸೋಮವಾರದ ರಾತ್ರಿಯೇ ತಲೆಯಲ್ಲಿ ತಿರುಗುತ್ತಿದೆ. ನೀನಿನ್ನೂ ಹೈಸ್ಕೂಲು. ಬಾಸ್ ಟ್ರಾಂಬೋನ್, ಆ ಕೆಳಸ್ವರದ ಹಿತ್ತಾಳೆ ಊದುವಾದ್ಯ, ಕೈಗೆ ಬಂದು ಜಾಸ್ತಿ ದಿನ ಆಗಿರಲಿಲ್ಲ. ಸೋಮವಾರ ಬೇಡ, ಮಾರನೇ ದಿನ ಆಫೀಸು, ಸ್ಕೂಲು ಅಂದೆ. ಆ ವ್ಯಾನ್‌ಗಾರ್ಡ್ ಜಾಜ್ ಆರ್ಕೆಸ್ಟ್ರಾ ನುಡಿಸುವುದೇ ಸೋಮವಾರ ಅಂದೆ ನೀನು. ನ್ಯೂಜೆರ್ಸಿಯ ಎಡಿಸನ್ನಿನಿಂದ ನ್ಯೂಯಾರ್ಕಿಗೆ ಟ್ರೇನು, ಆಮೇಲೆ ಸಬ್‌ವೇ. ಸೆವೆಂತ್ ಅವೆನ್ಯೂದಲ್ಲಿ ಆ ಕೆಂಪು ಬಾಗಿಲು. ಕಡಿದಾದ ಮೆಟ್ಟಿಲು ಇಳಿದರೆ ವಿಲೇಜ್ ವ್ಯಾನ್‌ಗಾರ್ಡ್. 1935ರಿಂದ ನಡೆಯುತ್ತಿರುವ ಕ್ಲಬ್ಬು ಅಂತ ನೀನು ಹೇಳಿದ್ದೆ. ದೊಡ್ಡ ಹಾಲ್ ಇರಬಹುದು ಅಂದುಕೊಂಡಿದ್ದೆ. ನೋಡಿದರೆ ನೆಲಮಾಳಿಗೆ. ನೂರಿಪ್ಪತ್ತು ಚಿಲ್ಲರೆ ಜನ ಹಿಡಿಸುತ್ತಾರೆ, ಅಷ್ಟೇ. ಮುಂದೆ ಹೋದ ಹಾಗೆ ಕಿರಿದಾಗುವ ಕೋಣೆ. ಆ ಕಿರಿದಾದ ತುದಿಯಲ್ಲಿ ಹದಿನಾರು ಜನ ಒತ್ತಿಕೊಂಡು ಕೂತಿದ್ದರು. ಸ್ಯಾಕ್ಸೊಫೋನಿನ ಐವರು ಮುಂದೆ. ಅವರ ಹಿಂದೆ ನಾಲ್ಕು ಟ್ರಾಂಬೋನ್, ನಾಲ್ಕು ಟ್ರಂಪೆಟ್. ಪಿಯಾನೋ, ಬಾಸ್, ಡ್ರಮ್ಸ್.

ಹಾಸನದಲ್ಲಿ ರಾಮೋತ್ಸವದ ಕಚೇರಿ ಕೇಳಿ ಬೆಳೆದವನು ನಾನು. ಒಬ್ಬರು ಹಾಡುತ್ತಾರೆ, ಪಕ್ಕದಲ್ಲಿ ಪಿಟೀಲು, ಮೃದಂಗ. ಹದಿಮೂರು ಜನ ಒಟ್ಟಿಗೆ ಉಸಿರೆಳೆದುಕೊಳ್ಳುವುದನ್ನು ನಾನು ಎಲ್ಲೂ ನೋಡಿರಲಿಲ್ಲ. ಮುಂದಿನ ಸಾಲಿನವರ ಭುಜಗಳು ಒಂದೇ ಸಲ ಮೇಲೇರಿದವು. ಆಮೇಲೆ ಶಬ್ದ ಬಂತು. ಎದೆಗೇ ಬಂತು.

ಶುರುವಾಗುವ ಮೊದಲು ನೀನು ಒಬ್ಬೊಬ್ಬರ ಹೆಸರು ಹೇಳಿದ್ದೆ. ಆಲ್ಟೋ ಸ್ಯಾಕ್ಸೊಫೋನಿನಲ್ಲಿ ಡಿಕ್ ಓಟ್ಸ್. ಟ್ರಾಂಬೋನ್ ಸಾಲಿನ ಮುಖ್ಯಸ್ಥ ಜಾನ್ ಮೋಸ್ಕಾ. ಬಾಸ್ ಟ್ರಾಂಬೋನಿನಲ್ಲಿ ಡಗ್ಲಸ್ ಪರ್ವಿಯಾನ್ಸ್. ಮೂವರೂ 1970ರ ದಶಕದಲ್ಲಿ ಸೇರಿದವರು, ಆವತ್ತಿನಿಂದ ಸೋಮವಾರ ಬಿಟ್ಟಿಲ್ಲ ಅಂದೆ. ನಾನು ಅಮೆರಿಕಕ್ಕೆ ಬರುವ ಎಷ್ಟೋ ಮೊದಲಿನಿಂದ ಅವರು ಅಲ್ಲಿ ಕೂರುತ್ತಿದ್ದಾರೆ ಅಂತ ನನಗೆ ಆಶ್ಚರ್ಯವಾಗಿತ್ತು.

ಆಮೇಲೆ ಆ ನಿಧಾನದ್ದು ಬಂತಲ್ಲ, ಥ್ಯಾಡ್ ಜೋನ್ಸ್ ಬರೆದ ಮೂರೆಣಿಕೆಯ ರಚನೆ. ಮೊದಲಿಗೆ ಬರೀ ಪಿಯಾನೋ. ನಾನು ಮೊಣಕಾಲಿನ ಮೇಲೆ ರೂಪಕ ಹಾಕುತ್ತಿದ್ದೆ, ಸರಿಯಾಗಿ ಕೂರುತ್ತಿತ್ತು. ಆಮೇಲೆ ಫ್ಲೂಗಲ್‌ಹಾರ್ನ್, ಟ್ರಂಪೆಟ್ಟಿನಂಥದ್ದೇ ವಾದ್ಯ, ಸೇರಿತು. ಬಾಕಿಯವರೆಲ್ಲ ವಾದ್ಯ ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದರು. ನಾನು ಬಾಸ್ ಟ್ರಾಂಬೋನಿನ ಕಡೆಗೇ ನೋಡುತ್ತಿದ್ದೆ, ಅದು ನಿನ್ನ ವಾದ್ಯ ಅಂತ. ಇಷ್ಟು ಹೊತ್ತು ಸುಮ್ನೆ ಕೂರಬೇಕಾ ನನ್ನ ಮಗಳು ಅನ್ನಿಸಿತು. ಅಷ್ಟರಲ್ಲಿ ನೀನು ನನ್ನ ಮಣಿಕಟ್ಟು ಹಿಡಿದು ‘ಈಗ, ಅಪ್ಪ’ ಅಂದೆ. ಅಂದ ಮೇಲೆ ಅವರು ವಾದ್ಯ ಎತ್ತಿದರು. ಎತ್ತಿದ ಮೇಲೆ ನೀನು ಹೇಳಿದ್ದಲ್ಲ, ಪುಟ್ಟಿ. ಮೊದಲೇ ಹೇಳಿದೆ.

ನಿನಗೆ ಇದು ನೆನಪಿದೆಯೋ ಇಲ್ಲವೋ. ಆ ‘ಈಗ’ ಅನ್ನುವುದನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಆ ಹುಡುಗಿ ಎಲ್ಲಿಂದ ಎಣಿಸಿಕೊಂಡು ಬಂದಳು? ಯಾರು ಹೇಳಿಕೊಟ್ಟರು? ವಾಪಸ್ ಬರುವಾಗ ಟ್ರೇನಿನಲ್ಲಿ ನೀನು ಭುಜಕ್ಕೊರಗಿ ನಿದ್ದೆ ಮಾಡಿದೆ. ನನಗೆ ನಿದ್ದೆ ಬರಲಿಲ್ಲ. ಇವಳು ನಮ್ಮ ಕೈಯಲ್ಲಿ ಉಳಿಯುವುದಿಲ್ಲ ಅಂತ ಆ ರಾತ್ರಿಯೇ ಗೊತ್ತಾಯಿತು. ನಿಮ್ಮಮ್ಮನಿಗೂ ಹೇಳಿರಲಿಲ್ಲ. ಶನಿವಾರ ನೀನು ಕಾಗದ ತೋರಿಸಿದಾಗ ನನ್ನ ಮುಖ ಹಾಗಾಗಿದ್ದು ಇದಕ್ಕೆ. ಅಂದಿನಿಂದ ಕಾಯುತ್ತಿದ್ದ ಸುದ್ದಿ ಅದು.

ನನ್ನ ಭಯ ಏನು ಅಂತಲೂ ಹೇಳಿಬಿಡುತ್ತೇನೆ. ಇದೆಲ್ಲ ನನಗಿಂತ ನಿನಗೆ ಚೆನ್ನಾಗಿ ಗೊತ್ತು, ಆದರೂ ಹೇಳಬೇಕು. ಈ ಆರ್ಕೆಸ್ಟ್ರಾ ಕಟ್ಟಿದವರು ಇಬ್ಬರು. ಬರೆದು ಮುಂದೆ ನಿಂತು ನಡೆಸುತ್ತಿದ್ದ ಥ್ಯಾಡ್ ಜೋನ್ಸ್, ಡ್ರಮ್ಸ್ ನುಡಿಸುತ್ತಿದ್ದ ಮೆಲ್ ಲೂಯಿಸ್. 1966ರ ಫೆಬ್ರವರಿ 7, ಸೋಮವಾರ, ಅಲ್ಲಿ ಮೊದಲ ಸಲ ನುಡಿಸಿದರು. ಹನ್ನೆರಡು ಹದಿಮೂರು ವರ್ಷ ಜೊತೆಗಿದ್ದರು. 1979ರಲ್ಲಿ ಥ್ಯಾಡ್ ಎಲ್ಲ ಬಿಟ್ಟು ಹೊರಟುಹೋದರು. ಬ್ಯಾಂಡಿನವರು ಎಣಿಸಿಯೇ ಇರಲಿಲ್ಲ. ಹೋಗಿದ್ದು ಎಲ್ಲಿಗೆ? ಕೋಪನ್‌ಹೇಗನ್ನಿಗೆ. 1985ರಲ್ಲಿ ಕೌಂಟ್ ಬೇಸಿಯವರ ಆರ್ಕೆಸ್ಟ್ರಾ ನಡೆಸಲು ವಾಪಸ್ ಬಂದರು, ಆರೋಗ್ಯ ಕೆಟ್ಟಿತು, ಮತ್ತೆ ಅಲ್ಲಿಗೇ ಹೋದರು. 1986ರ ಆಗಸ್ಟ್‌ನಲ್ಲಿ ಅಲ್ಲೇ ತೀರಿಕೊಂಡರು. ಬರೀ ಅರವತ್ತಮೂರು ವರ್ಷ.

ನೀನು ಆ ಊರಿನ ಹೆಸರು ಹೇಳಿದ ಕೂಡಲೇ ನನಗೆ ಇದೇ ನೆನಪಾಯಿತು. ಆ ಊರು ಒಳ್ಳೆಯದು ಅಂತ ನೀನು ಹೇಳಿದ್ದು ಸರಿ. ಬೆನ್ ವೆಬ್‌ಸ್ಟರ್, ಡೆಕ್ಸ್‌ಟರ್ ಗಾರ್ಡನ್ ಅಂಥ ದೊಡ್ಡ ಜಾಜ್ ಸ್ಯಾಕ್ಸೊಫೋನ್ ವಾದಕರು ವರ್ಷಗಟ್ಟಲೆ ಅಲ್ಲಿದ್ದರು. ಅಲ್ಲಿನ ರೇಡಿಯೋದವರು 1964ರಿಂದ ಇಂಥದ್ದೇ ದೊಡ್ಡ ಜಾಜ್ ತಂಡ, ತಮ್ಮದೇ ಬಿಗ್ ಬ್ಯಾಂಡ್ ಸಾಕುತ್ತಿದ್ದಾರೆ, ಥ್ಯಾಡ್ ಅದನ್ನೂ ನಡೆಸಿದವರು. ಎಲ್ಲ ಒಪ್ಪುತ್ತೇನೆ. ಆದರೆ ನನ್ನ ಕಣ್ಣು ಉಳಿದವರ ಕಡೆಗೆ ಹೋಗುತ್ತದೆ. ಥ್ಯಾಡ್ ಹೋದ ಮೇಲೆ ಮೆಲ್ ಲೂಯಿಸ್ ಆ ಡ್ರಮ್ಸಿನ ಹಿಂದೆ ಕೂತು ಸೋಮವಾರ ತಪ್ಪಿಸಲಿಲ್ಲ. ಎದುರಿಗೆ ಥ್ಯಾಡ್ ನಿಲ್ಲುತ್ತಿದ್ದ ಜಾಗ ಖಾಲಿ. ಅವರು ಬರೆದದ್ದನ್ನೂ ನುಡಿಸಬೇಕು. 1990ರಲ್ಲಿ ಮೆಲ್ ತೀರಿಕೊಂಡರು. ಆಗಲೂ ಬಾಕಿಯವರು ಬಿಡಲಿಲ್ಲ, ವ್ಯಾನ್‌ಗಾರ್ಡ್ ಜಾಜ್ ಆರ್ಕೆಸ್ಟ್ರಾ ಅಂತ ಹೆಸರಿಟ್ಟುಕೊಂಡು ಮುಂದುವರಿದರು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಕ್ಲಬ್ಬು ಮುಚ್ಚಿತು. ಮತ್ತೆ ತೆರೆದದ್ದು ಮುಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ. ತೆರೆದ ಮೇಲೆ ಮತ್ತೆ ಸೋಮವಾರ.

ಮೆಲ್ ಲೂಯಿಸ್ ಜಾಗದಲ್ಲಿ ನಾನು ಕೂತಿರುತ್ತೇನೆ ಅನ್ನುವುದೇ ನನ್ನ ಭಯ. ನಿಮ್ಮಮ್ಮ ನನ್ನ ಪಕ್ಕದಲ್ಲಿ. ನಾವೂ ಹಾಸನ ಬಿಟ್ಟು ಬಂದವರೇ. ನಮ್ಮಪ್ಪ ಫೋನಿನಲ್ಲಿ ‘ಊಟ ಆಯ್ತಾ’ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಯಾಕೆ ಕೇಳುತ್ತಿರಲಿಲ್ಲ ಅಂತ ಈಗ ಅರ್ಥವಾಗುತ್ತಿದೆ. ಹಾಗಂತ ನಿನ್ನನ್ನು ತಡೆಯುವ ಹಕ್ಕು ನನಗೆ ಇದೆ ಅಂತ ಹೇಳುತ್ತಿಲ್ಲ. ಹೇಳಬೇಕು ಅಂತ ಆಸೆ ಇದೆ, ಅಷ್ಟೇ.

ಈಗ ಕೆಲಸದ ಮಾತು. ಬೇಜಾರು ಮಾಡಿಕೊಳ್ಳಬೇಡ. ಆ ಬ್ಯಾಂಡಿನ ಮೊದಲಿನವರು ಯಾರು? ಹಗಲೆಲ್ಲ ಸ್ಟುಡಿಯೋಗಳಲ್ಲಿ ನುಡಿಸಿ ಸಂಪಾದಿಸುತ್ತಿದ್ದವರು. ಟೀವಿಗೆ, ಜಾಹೀರಾತಿಗೆ, ಬೇರೆಯವರ ರೆಕಾರ್ಡುಗಳಿಗೆ. ಎದುರಿಗಿಟ್ಟ ಸ್ವರಲಿಪಿಯನ್ನು ಒಂದೇ ನೋಟಕ್ಕೆ ಓದಿ ತಪ್ಪಿಲ್ಲದೆ ನುಡಿಸುತ್ತಿದ್ದರು, ಅದರಿಂದ ಮನೆ ನಡೆಯಿತು. ತಮ್ಮ ಸಂತೋಷಕ್ಕೆ ಸೇರುತ್ತಿದ್ದದ್ದು ಸೋಮವಾರ, ಕೆಲಸ ಕಡಿಮೆ ಇರುವ ದಿನ ಅಂತ. ಮೊದಲು ಕ್ಲಬ್ಬೂ ಇರಲಿಲ್ಲ, ನಡುರಾತ್ರಿ ಒಂದು ಸ್ಟುಡಿಯೋದಲ್ಲಿ ತಾಲೀಮು. ಆದ್ದರಿಂದ ಸ್ವರಲಿಪಿ ಓದುವುದನ್ನು ಬಿಡಬೇಡ. ಟ್ಯೂಬಾ ಕಲಿತಿರು, ಬಾಸ್ ಟ್ರಾಂಬೋನಿನವರನ್ನು ಅದಕ್ಕೂ ಕರೆಯುತ್ತಾರೆ ಅಂತ ನೀನೇ ಹೇಳಿದ್ದೆ. ಮಕ್ಕಳಿಗೆ ಕಲಿಸು. ರಿಹರ್ಸಲ್‌ಗೆ ಹತ್ತು ನಿಮಿಷ ಮುಂಚೆ ಹೋಗು. ಡೇನಿಷ್ ಭಾಷೆ ಮೊದಲ ವರ್ಷವೇ ಕಲಿ. ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ ಅಂತ ಸುಮ್ಮನಿರಬೇಡ. ನಾನು ಇಲ್ಲಿಗೆ ಬಂದಾಗ ಎಲ್ಲ ಅರ್ಥವಾಗುತ್ತಿತ್ತು, ಆದರೂ ಆಫೀಸಿನಲ್ಲಿ ಎಲ್ಲರೂ ನಗುವಾಗ ನಾನು ಹೊರಗೇ ಉಳಿಯುತ್ತಿದ್ದೆ. ನಿನಗೆ ಹಾಗಾಗಬಾರದು. ಕ್ರೆಡಿಟ್ ಕಾರ್ಡ್ ಮೇಲೆ ಸಾಲ ಬೇಡ. ಅಲ್ಲಿ ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮುಂಚೆಯೇ ಕತ್ತಲಾಗುತ್ತದಂತೆ. ಕತ್ತಲು ಅಂತ ಒಳಗೇ ಕೂತಿರಬೇಡ, ದಿನಾ ಹೊರಗೆ ನಡೆ. ಸಾರಿನ ಪುಡಿ ಕಳಿಸುತ್ತೇವೆ. ಅನ್ನ ಸಾರಾದರೂ ಮಾಡಿಕೋ.

ಉದ್ದವಾಯಿತು ಅಲ್ವಾ. ಇನ್ನೊಂದೇ ಮಾತು.

ಎಷ್ಟೋ ಜನರ ನಡುವೆ ನಿನ್ನನ್ನು ಆರಿಸಿದ್ದಾರೆ. ಶನಿವಾರ ಒಂದು ಒಳ್ಳೆಯ ಮಾತು ನನ್ನ ಬಾಯಿಂದ ಬರಲಿಲ್ಲ. ಭಾನುವಾರ ಬೆಂಗಳೂರಿಗೆ ಫೋನ್ ಮಾಡಿ ನಿಮ್ಮ ಅತ್ತೆಗೆ ಹೇಳಿದೆ. ಬಾಸ್ ಟ್ರಾಂಬೋನ್ ಅಂದರೇನು ಅಂತ ಕೇಳಿದಳು. ಊದುವವರಲ್ಲಿ ಎಲ್ಲರಿಗಿಂತ ಕೆಳಗಿನ ಸ್ವರ, ಅದು ಸರಿ ಇಲ್ಲದಿದ್ದರೆ ಮೇಲಿನವರು ನಿಲ್ಲುವುದಿಲ್ಲ, ನಮ್ಮ ಹುಡುಗಿ ಅದನ್ನು ನುಡಿಸುತ್ತಾಳೆ ಅಂತ ವಿವರಿಸಿದೆ. ಮಾತಾಡುತ್ತಾ ಮಾತಾಡುತ್ತಾ ನನ್ನ ಗಂಟಲು ಕಟ್ಟಿತು. ಅವಳು ಲೈನು ಹೋಯಿತು ಅಂದುಕೊಂಡಳು.

ನನ್ನದೊಂದು ಬೇಡಿಕೆ. ಪ್ರತಿ ಸೋಮವಾರ ಫೋನ್ ಮಾಡು. ಬೇರೆ ದಿನ ಮಾಡದಿದ್ದರೂ ಪರವಾಗಿಲ್ಲ. ನೀನು ಅಲ್ಲಿ ನುಡಿಸುವ ದಿನ ಸೋಮವಾರವೇ ಆದರೆ ನುಡಿಸಿ ಆದ ಮೇಲೆ ಮಾಡು. ಅಲ್ಲಿ ನಡುರಾತ್ರಿ ಆದಾಗ ಇಲ್ಲಿ ಸಂಜೆ ಆರು, ನಾನು ಮನೆಯಲ್ಲಿರುತ್ತೇನೆ. ಏನೂ ವಿಷಯ ಇಲ್ಲದಿದ್ದರೆ ಊಟ ಆಯ್ತಾ ಅಂತ ಕೇಳುತ್ತೇನೆ, ಆಯ್ತು ಅನ್ನು.

ಏರ್‌ಲೈನ್‌ನವರಿಗೆ ಈ ವಾರವೇ ಫೋನ್ ಮಾಡು. ಬಾಸ್ ಟ್ರಾಂಬೋನ್ ಕೇಸಿಗೆ ಕ್ಯಾಬಿನ್ನಿನಲ್ಲಿ ಜಾಗ ಕೊಡುತ್ತಾರಾ ಅಥವಾ ಅದಕ್ಕೂ ಒಂದು ಸೀಟು ತೆಗೆದುಕೊಳ್ಳಬೇಕಾ ಕೇಳು. ಬೇಕು ಅಂದರೆ ತೆಗೆದುಕೋ, ದುಡ್ಡು ನಾನು ಕೊಡುತ್ತೇನೆ. ಕೆಳಗೆ ಲಗೇಜಿಗೆ ಮಾತ್ರ ಹಾಕಬೇಡ.

ನಿನ್ನ
ಅಪ್ಪ