ಕ್ಲೋಸ್‌ಅಪ್ ಚಿತ್ರ ಹಾಕುವ ಮುನ್ನ

ಗುಂಪಿನ ಸದಸ್ಯರ ಗಮನಕ್ಕೆ,

ಈ ವಾರದ ವಿಷಯ ಕೀಟ ಮತ್ತು ಹೂವಿನ ಕ್ಲೋಸ್‌ಅಪ್. ಕಡಿಮೆ ಬೆಲೆಯ 70–300 ಮಿ.ಮೀ. ಜೂಮ್ ಲೆನ್ಸ್ ಧಾರಾಳವಾಗಿ ಸಾಕು. ಅದರ ಮೇಲೆ ಮ್ಯಾಕ್ರೊ (ತೀರ ಹತ್ತಿರದ ಚಿತ್ರಕ್ಕೆ) ಎಂದು ಬರೆದಿದ್ದರೂ ಸಿಗುವುದು ಹೆಚ್ಚೆಂದರೆ 1:2, ಅಂದರೆ ಕ್ಯಾಮೆರಾದಲ್ಲಿ ಚಿತ್ರ ಮೂಡುವ ಸೆನ್ಸರ್ ಮೇಲೆ ಕೀಟದ ನಿಜ ಗಾತ್ರದ ಅರ್ಧ. ಆ ಗಾತ್ರದಲ್ಲಿ ಎಫ್/8 ಅಪರ್ಚರ್‌ಗೆ (ಲೆನ್ಸಿನ ಕಿಂಡಿಯ ಅಳತೆ; ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು) ಡೆಪ್ತ್ ಆಫ್ ಫೀಲ್ಡ್, ಅಂದರೆ ಸ್ಪಷ್ಟವಾಗಿ ಮೂಡುವ ಆಳ, ಎರಡು-ಮೂರು ಮಿ.ಮೀ. ಅಷ್ಟೇ. ಕಣ್ಣು ಸ್ಪಷ್ಟ, ಕುಡಿಮೀಸೆ ಮಸುಕು ಎಂದು ಲೆನ್ಸನ್ನು ದೂರಬೇಡಿ. ಜೂಮ್ ತಗ್ಗಿಸಿ ಹತ್ತಿರ ಹೋದರೂ ಪ್ರಯೋಜನವಿಲ್ಲ. ಸೆನ್ಸರ್ ಮೇಲೆ ಕೀಟ ಅಷ್ಟೇ ದೊಡ್ಡದಾಗಿ ಮೂಡಿದರೆ ಆಳವೂ ಹೆಚ್ಚುಕಡಿಮೆ ಅಷ್ಟೇ. ಅದರ ಬದಲು ತುಸು ಹಿಂದೆ ಸರಿದು ತೆಗೆದು, ಆಮೇಲೆ ಕ್ರಾಪ್ ಮಾಡಿ. ಒಂದಿಷ್ಟು ಮೆಗಾಪಿಕ್ಸೆಲ್ ಹೋಗುತ್ತವೆ, ಹೋಗಲಿ.

ಆಳ ಹೆಚ್ಚಿಸಲು ಎಫ್/11ರವರೆಗೆ ಧೈರ್ಯವಾಗಿ ಹೋಗಿ. ಎಫ್/22ರಲ್ಲಿ ಡಿಫ್ರಾಕ್ಷನ್‌ನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರವೇ ಮಂಕಾಗುತ್ತದೆ.

ಖರ್ಚಿಲ್ಲದ ಉಪಾಯವೊಂದಿದೆ: ಚಿಟ್ಟೆಯ ರೆಕ್ಕೆಗೆ ಕ್ಯಾಮೆರಾದ ಬೆನ್ನು ಸಮಾನಾಂತರವಾಗಿರಲಿ. ಆಗ ರೆಕ್ಕೆಯ ಬಹುಪಾಲು ಆ ಎರಡು-ಮೂರು ಮಿ.ಮೀ. ಒಳಗೇ ಕೂರುತ್ತದೆ. ಮ್ಯಾನ್ಯುಯಲ್ ಫೋಕಸ್‌ನಲ್ಲಿಟ್ಟು, ರಿಂಗ್ ಮುಟ್ಟದೆ, ಮೈಯನ್ನೇ ಹಿಂದೆ ಮುಂದೆ ವಾಲಿಸುತ್ತ ಕ್ಲಿಕ್ಕಿಸಿ.

ಚಿತ್ರದ ಜೊತೆ ಅಪರ್ಚರ್, ಫೋಕಲ್ ಲೆಂತ್ (ಎಷ್ಟು ಮಿ.ಮೀ.ಗೆ ಜೂಮ್ ಮಾಡಿದ್ದೀರಿ) ಎರಡನ್ನೂ ತಪ್ಪದೆ ಬರೆಯಿರಿ. ಬರೀ “ಹೇಗಿದೆ?” ಎಂದು ಕೇಳಿದರೆ “ಚೆನ್ನಾಗಿದೆ” ಎಂಬ ಉತ್ತರವಷ್ಟೇ ಸಿಗುತ್ತದೆ.