ಊರಿಗೆ ಹೋದರೂ ಬಾಕಿ ಮುಂಬಯಿಯಲ್ಲೇ

ಮಾನ್ಯ ಸಂಪಾದಕರೇ,

ನಾನು ಡೊಂಬಿವಲಿಯವ, ಮೂವತ್ತು ವರ್ಷದಿಂದ ಮುಂಬಯಿ, ಠಾಣೆ ಕಡೆಯ ನಮ್ಮವರ ಸಣ್ಣಪುಟ್ಟ ಹೋಟೆಲು, ಕ್ಯಾಂಟೀನುಗಳ ಲೆಕ್ಕ ಬರೀತಾ ಬಂದಿದ್ದೇನೆ. ಸಿಎ ಅಲ್ಲ, ಸಿಎ ಹತ್ರ ಹೋಗೋಕೆ ಹೆದರೋರು ಮೊದಲು ಬಂದು ಕೂರೋದು ನನ್ನ ಮುಂದೆ, ಅಷ್ಟೇ. ಲಾಕ್‌ಡೌನ್ ಆಗಿ ವರ್ಷಗಳು ದಾಟಿದವು, ಆದರೆ ಆಗ ಮುಂಬಯಿ ಬಿಟ್ಟು ಊರಿಗೆ ಹೋದವರಿಗೆ ತೆರಿಗೆ ಬಾಕಿ, ಗಾಡಿ ನಂಬರು ಅಂತ ಅದರ ಬಾಲ ಇನ್ನೂ ಹಿಡ್ಕೊಂಡೇ ಇದೆ, ಅದಕ್ಕೇ ಈ ಪತ್ರ.

2022ರ ಜೂನಲ್ಲಿ ನನ್ನ ಹಳೇ ಸ್ನೇಹಿತರೊಬ್ಬರು ಫೋನ್ ಮಾಡಿದ್ರು, ಶೆಟ್ರು ಅಂತಲೇ ಇಟ್ಕೊಳ್ಳಿ, ಎಟಿಎಮ್ಮಲ್ಲಿ ದುಡ್ಡು ಬರ್ತಾ ಇಲ್ಲ, ಬ್ಯಾಂಕಲ್ಲಿ ಕೇಳಿದ್ರೆ ಅಕೌಂಟ್ ಅಟ್ಯಾಚ್, ಅಂದ್ರೆ ಜಪ್ತಿ, ಆಗಿದೆ ಅಂತಾರೆ, ಎಂತ ಮಾರಾಯ್ರೆ ಇದು ಅಂತ. ಅವರು ಇಲ್ಲೊಂದು ಹೋಟೆಲು ಕಂಡಕ್ಟ್‌ಗೆ (ಗುತ್ತಿಗೆಗೆ) ತಗೊಂಡು ನಡೆಸ್ತಾ ಇದ್ದವರು, ಹೋಟೆಲು ಯಾರದೋ, ಲೈಸೆನ್ಸು ಯಾರದೋ, ಆದರೆ ವ್ಯಾಟ್, ಅಂದ್ರೆ ಜಿಎಸ್‌ಟಿಗೆ ಮುಂಚಿನ ರಾಜ್ಯದ ಮಾರಾಟ ತೆರಿಗೆ, ಅದರ ನಂಬರು ಮಾತ್ರ ಇವರ ಹೆಸರಲ್ಲಿ. 2017ರಲ್ಲಿ ಜಿಎಸ್‌ಟಿ ಬರೋ ಹೊತ್ತಿಗೆ ಕಂಡಕ್ಟ್ ಬಿಟ್ಟುಕೊಟ್ರು, ಮಾಲೀಕರ ಲೆಕ್ಕ ಚುಕ್ತಾ ಮಾಡಿದ್ರು, ಹುಡುಗರ ಸಂಬಳ ಕೊಟ್ರು, ಸರಕಾರದ ಲೆಕ್ಕ ಮಾತ್ರ ಹಾಗೇ ಉಳೀತು. 2015-16ರ ವ್ಯಾಟ್ ಅಸೆಸ್‌ಮೆಂಟಿಗೆ (ಲೆಕ್ಕ ತಪಾಸಣೆಗೆ) ನೋಟಿಸು ಬಂದದ್ದು 2020ರ ಶುರುವಿನಲ್ಲಿ, ಹಾಜರಾಗೋ ತಾರೀಕು ಬಂದಾಗ ಶೆಟ್ರು ಕುಂದಾಪುರದ ಹತ್ರ ಊರಲ್ಲಿ, ರೈಲಿಲ್ಲ, ಬಸ್ಸಿಲ್ಲ, ಇಲ್ಲಿ ರೂಮಿಗೆ ಬೀಗ. ಮುಂದಿನ ವರ್ಷ ಇವರು ಇಲ್ಲದೇನೇ ಆರ್ಡರ್ ಆಯ್ತು, ತೆರಿಗೆ, ಬಡ್ಡಿ, ದಂಡ ಎಲ್ಲಾ ಸೇರಿ 3,40,000 ರೂಪಾಯಿ. ಆ ಕಾಗದವನ್ನ ಹಳೇ ಹೋಟೆಲಿನ ಶಟರಿಗೆ ಅಂಟಿಸಿದ್ರಂತೆ, ಅಲ್ಲಿ ಈಗ ಮೊಬೈಲ್ ಕವರ್ ಮಾರೋ ಅಂಗಡಿ ಇದೆ, ಆ ಹುಡುಗ ಕಿತ್ತು ಬಿಸಾಕಿರಬೇಕು, ಅವನ ತಪ್ಪೇನೂ ಇಲ್ಲ.

ಶೆಟ್ರ ವಾದ ಒಂದೇ, 'ನಾನು ಅಲ್ಲಿ ಇರಲೇ ಇಲ್ಲವಲ್ಲ, ಈಗ ನಾನು ಕರ್ನಾಟಕದವ.' ಇದೇ ಮಾತನ್ನ ನಾನು ಲಾಕ್‌ಡೌನ್ ಆದ ಮೇಲೆ ಕಡಿಮೆ ಅಂದ್ರೂ ಹತ್ತು ಜನರ ಬಾಯಲ್ಲಿ ಕೇಳಿದ್ದೇನೆ. ಪಾಪ, ಬಾಕಿ ಅನ್ನೋದು ನಮ್ಮ ಹಿಂದೆ ಮತ್ಸ್ಯಗಂಧಾ ರೈಲು ಹತ್ತಿ ಬರೋದಿಲ್ಲ, ವ್ಯಾಪಾರ ಮಾಡಿದ ರಾಜ್ಯದಲ್ಲೇ ಕೂತು ಬಡ್ಡಿ ತಿಂತಾ ಇರುತ್ತೆ.

ಹಾಗಂತ ಶೆಟ್ರ ಸಿಟ್ಟು ನನಗೆ ಅರ್ಥ ಆಗೋದಿಲ್ಲ ಅಂತಲ್ಲ. 2020ರ ಮೇ ನೆನಪು ಮಾಡ್ಕೊಳ್ಳಿ. 18ನೇ ತಾರೀಕಿಗೆ ಮಹಾರಾಷ್ಟ್ರದವರು ಒಳಗೆ ಬರೋದೇ ಬೇಡ ಅಂತ ಕರ್ನಾಟಕ ಸರಕಾರ ಹೇಳ್ತು, ಆಮೇಲೆ ಸೇವಾಸಿಂಧು ಪಾಸು, ನಿಪ್ಪಾಣಿ ಗಡಿಯಲ್ಲಿ ಕ್ಯೂ, ಏಳು ದಿವಸ ಶಾಲೆಯಲ್ಲೋ ಹಾಸ್ಟೆಲಲ್ಲೋ ಕ್ವಾರಂಟೈನು, ಅದಾದ ಮೇಲೂ ಊರಿನವರು ಗೇಟಿನಾಚೆ ನಿಂತೇ ಮಾತಾಡಿಸಿದ್ದು. ಹುಟ್ಟಿದ ಊರಲ್ಲಿ ನಾವು 'ಮುಂಬಯಿಯವರು'. ಇಲ್ಲಿ ರೇಷನ್ ಕಾರ್ಡ್ ಕೇಳಿದ್ರೆ ಅದು ಊರಲ್ಲಿ. ಡೊಮಿಸೈಲ್ (ಕಾಯಂ ವಾಸದ) ಸರ್ಟಿಫಿಕೇಟಿಗೆ ಮಹಾರಾಷ್ಟ್ರದಲ್ಲಿ 15 ವರ್ಷ ಇದ್ದ ಪುರಾವೆ ಬೇಕು, ವ್ಯಾಟ್ ಬಾಕಿಗೆ 15 ದಿವಸದ ಪುರಾವೆಯೂ ಬೇಡ. ಒಂದೊಂದು ಕಚೇರಿ ಒಂದೊಂದು ತರ ನಮ್ಮ ವಾಸ ಎಣಿಸುತ್ತೆ, ಎಣಿಸೋ ವಿಧಾನ ಬೇರೆ ಬೇರೆ ಅಂತ ನಮಗೆ ಯಾರೂ ಹೇಳೋದಿಲ್ಲ.

ನನ್ನ ತಂಗಿ ಮಗನ ಕತೆ ಇನ್ನೊಂದು ತರ. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ, ವಾಕಡ್‌ನ ಫ್ಲ್ಯಾಟ್ ಖಾಲಿ ಮಾಡಿ ಕಾರಲ್ಲಿ ಸಾಮಾನು ತುಂಬ್ಕೊಂಡು ಊರಿಗೆ ಹೋದವ ಒಂದೂಮುಕ್ಕಾಲು ವರ್ಷ ಅಲ್ಲಿಂದಲೇ ಕೆಲಸ ಮಾಡಿದ. ಅವನ ತಲೆಬಿಸಿ ಎಲ್ಲಾ ಪ್ರೊಫೆಷನಲ್ ಟ್ಯಾಕ್ಸ್ (ಪಿಟಿ, ದುಡಿಯೋರ ಮೇಲೆ ರಾಜ್ಯ ಹಾಕೋ ತೆರಿಗೆ) ಬಗ್ಗೆ, ನಾನು ಕೂತಿರೋದು ಕರ್ನಾಟಕ, ಪಿಟಿ ಕಟ್ ಆಗ್ತಾ ಇರೋದು ಮಹಾರಾಷ್ಟ್ರಕ್ಕೆ, ನಾಳೆ ಕರ್ನಾಟಕದವರೂ ಕೇಳಿದ್ರೆ? ಅಂತ. ಕೇಳಿದ್ರೂ ಎಷ್ಟು ಮಾರಾಯ ಅಂದೆ, ಸಂವಿಧಾನದ 276ನೇ ವಿಧಿ ಪ್ರಕಾರ ಯಾವ ರಾಜ್ಯವೂ ವರ್ಷಕ್ಕೆ 2,500ಕ್ಕಿಂತ ಜಾಸ್ತಿ ಈ ತೆರಿಗೆ ಹಾಕೋ ಹಾಗಿಲ್ಲ, ಇಲ್ಲಿ ತಿಂಗಳಿಗೆ 200, ಫೆಬ್ರವರಿಗೆ 300, ಮುಗೀತು. ಇನ್ಕಮ್ ಟ್ಯಾಕ್ಸ್ ಕೇಂದ್ರದ್ದು, ಅದಕ್ಕೆ ನೀನು ಪುಣೆಯೋ ಕೋಟೇಶ್ವರವೋ ಎರಡೂ ಒಂದೇ.

ಅವನು ತಲೆಬಿಸಿ ಮಾಡ್ಕೋಬೇಕಾಗಿದ್ದು ಕಾರಿನ ಬಗ್ಗೆ. ಎಂಎಚ್ ನಂಬರಿನ ಗಾಡಿ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ರೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಆ ರಾಜ್ಯದ ನಂಬರು ತಗೋಬೇಕು, ಅದಕ್ಕೆ ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ), ಅಲ್ಲಿ ಕರ್ನಾಟಕದ ಲೈಫ್ ಟ್ಯಾಕ್ಸು, ಆಮೇಲೆ ಇಲ್ಲಿ ಕಟ್ಟಿದ್ದ ಟ್ಯಾಕ್ಸಲ್ಲಿ ಉಳಿದ ಪಾಲು ವಾಪಸ್ ಕೇಳಿ ಓಡಾಟ. ಜನ ಎಲ್ಲಿ ಮೋಸ ಹೋದ್ರು ಅಂದ್ರೆ, ಕೇಂದ್ರ ಸರಕಾರ 2020ರ ಫೆಬ್ರವರಿ 1ರಿಂದ ಅವಧಿ ಮುಗಿದ ಲೈಸೆನ್ಸು, ಆರ್‌ಸಿ, ಪರ್ಮಿಟ್ಟು ಎಲ್ಲಾ ನಡೆಯುತ್ತೆ ಅಂತ ಮತ್ತೆ ಮತ್ತೆ ಮುಂದೂಡ್ತಾ 2021ರ ಅಕ್ಟೋಬರ್ ತನಕ ತಂತಲ್ಲ, ಅದನ್ನೇ ನಂಬ್ಕೊಂಡು ಎಲ್ಲಾ ಮಾಫ್ ಅಂದ್ಕೊಂಡ್ರು. ಅದು ಅವಧಿ ಮುಗಿದ ಕಾಗದಕ್ಕೆ ಕೊಟ್ಟ ರಿಯಾಯಿತಿ, ಈ 12 ತಿಂಗಳ ಗಡಿಯಾರವನ್ನ ಯಾರೂ ನಿಲ್ಲಿಸಿರಲಿಲ್ಲ. 2021ರ ಸೆಪ್ಟೆಂಬರಲ್ಲಿ ಬಿಎಚ್ ಸೀರೀಸ್ (ರಾಜ್ಯ ಬದಲಾದ್ರೂ ಬದಲಾಯಿಸಬೇಕಿಲ್ಲದ ಗಾಡಿ ನಂಬರು) ಬಂತು ನಿಜ, ಎರಡೆರಡು ವರ್ಷದ ಟ್ಯಾಕ್ಸ್ ಕಟ್ತಾ ಹೋಗಬಹುದು, ಆದರೆ ಸರಕಾರಿ ನೌಕರರಿಗೆ, ಮತ್ತೆ ನಾಲ್ಕೋ ಜಾಸ್ತಿಯೋ ರಾಜ್ಯಗಳಲ್ಲಿ ಆಫೀಸಿರೋ ಕಂಪನಿಯವರಿಗೆ. ಕ್ಯಾಂಟೀನ್ ನಡೆಸೋನಿಗೆ ಅದು ಸಿಗೋದಿಲ್ಲ.

ದೇಶ ದೇಶದ ನಡುವಿನ ವಾಸಕ್ಕಾದರೆ ಕೇಂದ್ರದವರು ಸ್ವಲ್ಪ ಯೋಚನೆ ಮಾಡಿದ್ರು. ದುಬೈಯಿಂದ ರಜೆಗೆ ಬಂದು ಸಿಕ್ಕಿಹಾಕ್ಕೊಂಡವರಿಗೆ 2020ರ ಮಾರ್ಚ್ 22ರಿಂದ 31ರ ತನಕದ ದಿವಸಗಳನ್ನ ಇನ್ಕಮ್ ಟ್ಯಾಕ್ಸಿಗೆ ಆ ವರ್ಷ ಭಾರತದಲ್ಲಿ ಇದ್ದ ದಿನಗಳ ಲೆಕ್ಕದಿಂದ ಬಿಡ್ತೇವೆ ಅಂತ ಮೇ 8ಕ್ಕೆ ಸುತ್ತೋಲೆ ಬಂತು. ಮುಂದಿನ ವರ್ಷಕ್ಕೆ ಆ ಔದಾರ್ಯ ಇರಲಿಲ್ಲ, ಎರಡು ಕಡೆ ತೆರಿಗೆ ಬೀಳೋ ಹಾಗಿದ್ರೆ ಫಾರ್ಮ್ ತುಂಬಿ ತಿಳಿಸಿ ಅಂದ್ರು, ಅಷ್ಟಾದರೂ ಅಂದ್ರಲ್ಲ. ಅಮೆರಿಕದಲ್ಲಂತೂ ರಾಜ್ಯಗಳೇ ಆದಾಯ ತೆರಿಗೆ ಹಾಕ್ತವೆ, ಮನೆಯಲ್ಲಿ ಕೂತು ಕೆಲಸ ಮಾಡಿದ ನಮ್ಮ ಜನರಿಂದ ತೆರಿಗೆ ಕಿತ್ಕೊಳ್ತೀರಿ ಅಂತ ನ್ಯೂ ಹ್ಯಾಂಪ್‌ಶೈರ್ ರಾಜ್ಯ ಪಕ್ಕದ ಮ್ಯಾಸಚೂಸೆಟ್ಸ್ ಮೇಲೆ 2020ರಲ್ಲಿ ಸೀದಾ ಸುಪ್ರೀಂ ಕೋರ್ಟಿಗೇ ಹೋಯ್ತು, 2021ರ ಜೂನಲ್ಲಿ ಕೋರ್ಟು ಕೇಸನ್ನ ತಗೊಳ್ಳಲೇ ಇಲ್ಲ. ಆದರೂ ಒಂದು ರಾಜ್ಯ ತನ್ನ ಜನಕ್ಕೋಸ್ಕರ ಎದ್ದು ನಿಂತಿತಲ್ಲ ಅಂತ ನನಗೆ ಹೊಟ್ಟೆಕಿಚ್ಚು. ನಮ್ಮ ಪರವಾಗಿ ಬೆಂಗಳೂರೂ ಕೇಳಲಿಲ್ಲ, ಮುಂಬಯಿಯೂ ಕೇಳಲಿಲ್ಲ. ಗಡಿ ಮುಚ್ಚಿದ ತಿಂಗಳುಗಳನ್ನಾದ್ರೂ ಆ 12 ತಿಂಗಳಿಂದ ಕಳೀರಿ, ಆ ಸಮಯದಲ್ಲಿ ಗೈರುಹಾಜರಾಗಿ ಆದ ಆರ್ಡರುಗಳನ್ನ ಇನ್ನೊಂದು ಸಲ ಕೇಳಿ, ಇಷ್ಟು ಎರಡು ಸರಕಾರಗಳೂ ಈಗಲೂ ಮಾಡಬಹುದು.

ಸರಿ, ಶೆಟ್ರ ವಿಷಯ. ಮಹಾರಾಷ್ಟ್ರ ಸರಕಾರ 2022ರ ಬಜೆಟ್ಟಲ್ಲಿ ಹೇಳಿದ ಅಭಯ ಯೋಜನೆ (ಹಳೇ ಬಾಕಿಯನ್ನ ರಿಯಾಯಿತಿಯಲ್ಲಿ ತೀರಿಸೋದು) ಆ ವರ್ಷದ ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರ ತನಕ ಇತ್ತು. ಜಿಎಸ್‌ಟಿಗೆ ಮುಂಚಿನ, ಅಂದ್ರೆ 2017ರ ಜೂನ್ 30ರ ತನಕದ ವ್ಯಾಟ್, ಸಿಎಸ್‌ಟಿ (ಬೇರೆ ರಾಜ್ಯಕ್ಕೆ ಮಾರಿದ್ದಕ್ಕೆ ಬೀಳೋ ತೆರಿಗೆ), ಪಿಟಿ ಬಾಕಿಗಳಿಗೆ ಮಾತ್ರ. ಒಂದು ವರ್ಷದ ಆರ್ಡರಿನ ಬಾಕಿ 10,000 ಒಳಗಿದ್ರೆ ಪೂರ್ತಿ ಮಾಫ್, 10 ಲಕ್ಷದ ಒಳಗಿದ್ರೆ ಒಂದೇ ಸಲಕ್ಕೆ 20 ಪರ್ಸೆಂಟ್ ಕಟ್ಟಿದ್ರೆ ಉಳಿದದ್ದು ಬಿಡ್ತಿದ್ರು. ಶೆಟ್ರಿಗೆ ಬಂದದ್ದು 68,000. ಅಪೀಲಿಗೆ ಹೋಗೋಣ, ನನ್ನದು ನ್ಯಾಯ ಇದೆ ಅಂತ ಒಂದು ವಾರ ಹಟ ಮಾಡಿದ್ರು, ನ್ಯಾಯ ಇರಬಹುದು, ಆದರೆ ಅಪೀಲಲ್ಲಿದ್ರೆ ಈ ಯೋಜನೆ ಸಿಗೋದಿಲ್ಲ, ಹಿಂದೆ ತಗೊಂಡೇ ಬರಬೇಕು, ವಕೀಲರ ಫೀಸೂ ಒಮ್ಮೆ ಎಣಿಸಿ ನೋಡಿ ಅಂದೆ. ಮಗನ ಹತ್ರ ದುಡ್ಡು ತರಿಸಿ ಕಟ್ಟಿದ್ರು.

ನಮ್ಮ ಸಂಘಗಳವರಿಗೆ ಒಂದು ಕೇಳಿಕೆ. ಯಕ್ಷಗಾನ, ಸನ್ಮಾನ ಎಲ್ಲಾ ಬೇಕು, ನಾನೂ ಮೊದಲ ಸಾಲಲ್ಲೇ ಕೂರೋನು, ಆದರೆ ಒಂದು ಭಾನುವಾರ ಸಭಾಂಗಣದ ಮೂಲೆಯಲ್ಲಿ ಎರಡು ಟೇಬಲ್ ಹಾಕಿ, ಹಳೇ ವ್ಯಾಟ್ ನಂಬರು ಯಾರ ಹೆಸರಲ್ಲಿದೆ, ಪಿಟಿ ಎನ್‌ರೋಲ್‌ಮೆಂಟ್ (ನೋಂದಣಿ) ಯಾರದ್ದು ಬಂದ್ ಆಗದೇ ಉಳಿದಿದೆ ನೋಡೋಣ. ಹೋಟೆಲು ಮುಚ್ಚಿದ್ರೂ ಆ ನಂಬರು ಕ್ಯಾನ್ಸಲ್ ಮಾಡಿಸದೇ ಇದ್ರೆ ವರ್ಷಕ್ಕೆ 2,500 ಬೆಳೀತಾನೇ ಹೋಗುತ್ತೆ, ಇಂಥವರು ಬಹಳ ಮಂದಿ ಇದ್ದಾರೆ. ದುಡ್ಡು ಬೇಡ, ನಾನು ಬಂದು ಕೂರ್ತೇನೆ.

ಊರಲ್ಲೇ ಇರೋರು ಇಲ್ಲಿನ ರೂಮಿನ ಕೀಲಿಕೈ ಯಾರ ಹತ್ರ ಇದೆಯೋ ಅವರಿಗೆ ಇವತ್ತೇ ಫೋನ್ ಮಾಡಿ, ಬಾಗಿಲು ತೆಗೆಸಿ, ಸಂದಿಯಿಂದ ಒಳಗೆ ತಳ್ಳಿದ ಕಾಗದ ಇದ್ರೆ ಫೋಟೋ ತೆಗೆದು ಕಳಿಸೋಕೆ ಹೇಳಿ. ಶೆಟ್ರ ರೂಮಲ್ಲಿ ಮೂರು ಸಿಕ್ಕಿತು, ಒಂದನ್ನ ಗೆದ್ದಲು ತಿಂದಿತ್ತು.

ಇತಿ,
ಹೋಟೆಲು ಲೆಕ್ಕದವ
ಡೊಂಬಿವಲಿ ಪೂರ್ವ