ಟಾರ್ ಸಿಕ್ಕ ಕೂಡಲೇ ಫೋರ್ ಬೈ ಫೋರ್ ಬಿಡಿಸಿ

ಮಾನ್ಯರೇ,

ಮಳೆ ಹಿಡಿಯಿತೆಂದರೆ ಮಲೆನಾಡಿನ ಜೀಪುಗಳಲ್ಲಿ ಫೋರ್ ಬೈ ಫೋರ್ (ನಾಲ್ಕೂ ಚಕ್ರಗಳಿಗೆ ಎಂಜಿನ್ ಎಳೆತ ಕೊಡುವ) ಲಿವರ್‌ಗೆ ಪುರುಸೊತ್ತಿರುವುದಿಲ್ಲ. ತೋಟದ ಕೆಸರಿನಲ್ಲಿ ಹಾಕಲೇಬೇಕು, ಅದು ಸರಿ. ತೋಟದ ಗೇಟು ದಾಟಿ ಟಾರ್ ರಸ್ತೆಗೆ ಬಂದ ಮೇಲೂ ಬಿಡಿಸದೆ ಹೋಗುವವರು ಬಹಳ. ನಾಲ್ಕೂ ಚಕ್ರ ಎಳೆದರೆ ಘಟ್ಟದ ತಿರುವಿನಲ್ಲಿ ಗಾಡಿ ಭದ್ರ ಎನ್ನುವ ಮಾತು ಚಾರ್ಮಾಡಿಯಿಂದ ಬಿಸಿಲೆಯವರೆಗೂ ಕೇಳಿಬರುತ್ತದೆ. ಒಣ ರಸ್ತೆಯಲ್ಲಿ ಇದು ಉಲ್ಟಾ.

ಥಾರ್, ಜಿಮ್ನಿ, ಗೂರ್ಖಾ, ಜಿಪ್ಸಿ, ಹಳೆಯ ಮಹೀಂದ್ರ ಜೀಪು, ಇವೆಲ್ಲ ಬೇಕೆಂದಾಗ ಮಾತ್ರ ಮುಂದಿನ ಚಕ್ರಗಳನ್ನೂ ಎಳೆತಕ್ಕೆ ಹಚ್ಚುವ ಗಾಡಿಗಳು. ತಿರುವಿನಲ್ಲಿ ಎಡಚಕ್ರ, ಬಲಚಕ್ರಗಳ ವೇಗ ಹೆಚ್ಚುಕಡಿಮೆಯಾದರೆ ಡಿಫರೆನ್ಷಿಯಲ್ ಸರಿದೂಗಿಸುತ್ತದೆ. ಆದರೆ ಮುಂದಿನ ಆಕ್ಸಲ್‌ಗೂ ಹಿಂದಿನ ಆಕ್ಸಲ್‌ಗೂ ನಡುವೆ ಈ ಗಾಡಿಗಳಲ್ಲಿ ಡಿಫರೆನ್ಷಿಯಲ್ ಇಲ್ಲ. ಲಿವರ್ ಫೋರ್ ಹೈಗೆ (ನಾಲ್ಕೂ ಚಕ್ರದ ಎಳೆತ, ಮಾಮೂಲಿ ವೇಗ) ಬಿದ್ದರೆ ಎರಡೂ ಪ್ರೊಪೆಲ್ಲರ್ ಶಾಫ್ಟ್‌ಗಳು, ಅಂದರೆ ಎಳೆತವನ್ನು ಹಿಂದುಮುಂದಿನ ಆಕ್ಸಲ್‌ಗಳಿಗೆ ಒಯ್ಯುವ ಉದ್ದ ಸರಳುಗಳು, ಒಂದೇ ವೇಗದಲ್ಲಿ ತಿರುಗಲೇಬೇಕು.

ಥಾರ್‌ನ ಮುಂದಿನ ಆಕ್ಸಲ್‌ನಿಂದ ಹಿಂದಿನದಕ್ಕೆ 2.45 ಮೀಟರ್. ಹಿಂದಿನ ಆಕ್ಸಲ್‌ನ ಮಧ್ಯಭಾಗ 6 ಮೀಟರ್ ತ್ರಿಜ್ಯದಲ್ಲಿ ಪೂರ್ತಿ ಯೂ ತಿರುವು ಹೊಡೆದರೆ ಸುಮಾರು 18.85 ಮೀಟರ್ ಓಡುತ್ತದೆ. ಮುಂದಿನದು ಅದಕ್ಕಿಂತ ಹೊರಗಿನ ದಾರಿ ಹಿಡಿಯುವುದರಿಂದ 20.36 ಮೀಟರ್ ಓಡಬೇಕು. ಒಂದೇ ತಿರುವಿಗೆ ಒಂದೂವರೆ ಮೀಟರ್ ವ್ಯತ್ಯಾಸ, ಅಂದರೆ ಚಕ್ರ ಅರ್ಧ ಸುತ್ತಿಗಿಂತ ಹೆಚ್ಚು ತಿರುಗುವಷ್ಟು! ಕೆಸರಲ್ಲಾದರೆ ಟೈರು ಚೂರು ಜಾರಿ ಈ ಲೆಕ್ಕ ತೀರಿಸಿಬಿಡುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಒಣ ಟಾರ್ ಟೈರನ್ನು ಬಿಡುವುದಿಲ್ಲ. ಆಗ ಶಾಫ್ಟು, ಗೇರುಗಳೇ ಹಗ್ಗ ಹೊಸೆದ ಹಾಗೆ ಬಿಗಿದುಕೊಳ್ಳುತ್ತವೆ.

ಬಿಗಿತ ಕೈಗೇ ಗೊತ್ತಾಗುತ್ತದೆ. ಸ್ಟೇರಿಂಗ್ ಭಾರವಾಗುತ್ತದೆ, ತಿರುವಿನಲ್ಲಿ ಯಾರೋ ಬ್ರೇಕ್ ಒತ್ತಿದ ಹಾಗೆ ಗಾಡಿ ತಡೆಯುತ್ತದೆ, ಆಮೇಲೆ ಟೈರು ಕಿರ್ರೆಂದು ಒಮ್ಮೆ ಕುಪ್ಪಳಿಸುತ್ತದೆ. ಪದೇಪದೇ ಹೀಗಾದರೆ ಮೊದಲು ಸವೆಯುವುದು ಟೈರು. ಆಮೇಲೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಬೇರಿಂಗ್, ಮುಂದಿನ ಆಕ್ಸಲ್‌ನ ಜಾಯಿಂಟು, ಕೊನೆಗೆ ಎಳೆತವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಗೇರು ಪೆಟ್ಟಿಗೆ, ಅಂದರೆ ಟ್ರಾನ್ಸ್‌ಫರ್ ಕೇಸ್. ಕ್ರಾಸ್ ಹೋದರೆ ಅಗ್ಗದಲ್ಲಿ ಮುಗಿಯಿತು ಎನ್ನಬೇಕು. ಇನ್ನೊಂದು ಅಪಾಯವೂ ಇದೆ: ಬಿಗಿದುಕೊಂಡ ಗಾಡಿ ಸ್ಟೇರಿಂಗ್ ತಿರುಗಿಸಿದಷ್ಟು ತಿರುಗದೆ ಹೊರಕ್ಕೆ ತಳ್ಳುತ್ತದೆ. ಒಂದು ಬದಿ ಪ್ರಪಾತವಿರುವ ರಸ್ತೆಯಲ್ಲಿ ಇದನ್ನು ಭದ್ರತೆ ಎನ್ನುವುದು ಹೇಗೆ?

ನೇರ ರಸ್ತೆಯಲ್ಲಿ ಪರವಾಗಿಲ್ಲವಲ್ಲ ಎನ್ನುವವರು ಟೈರು ನೋಡಿಕೊಳ್ಳಲಿ. ಹಿಂದೆ ಎರಡು ಹೊಸ ಟೈರು ಹಾಕಿಸಿ, ಮುಂದೆ ಬೋಳಾದವನ್ನೇ ಓಡಿಸುವುದು ನಮ್ಮಲ್ಲಿ ಮಾಮೂಲಿ. ಟೈರಿನ ಸುತ್ತಳತೆಯಲ್ಲಿ ಶೇ 1ರಷ್ಟು ವ್ಯತ್ಯಾಸವಿದ್ದರೂ ಕಿಲೋಮೀಟರಿಗೆ 10 ಮೀಟರ್ ತಾಳ ತಪ್ಪುತ್ತದೆ. ಗಾಳಿ ಹೆಚ್ಚುಕಡಿಮೆ ಇದ್ದರೂ ಸ್ವಲ್ಪ ಮಟ್ಟಿಗೆ ಇದೇ ಕಥೆ.

ಈಗ ತೋಟದ ಏರುಗಳಿಗೆಲ್ಲ ಕಾಂಕ್ರೀಟು ಬಿದ್ದಿದೆ. ನಡುವೆ ಮಣ್ಣು, ಮತ್ತೆ ಕಾಂಕ್ರೀಟು. ಪ್ರತಿ ಸಲ ಲಿವರ್ ಎಳೆಯುವುದು ಆಗದ ಮಾತು, ಒಪ್ಪುತ್ತೇವೆ. ಕಾಂಕ್ರೀಟು ನೇರವಾಗಿದ್ದು ಐವತ್ತು ನೂರು ಮೀಟರಿಗೆ ಮುಗಿಯುವಂತಿದ್ದರೆ ಹಾಗೇ ಹೋಗಿ. ಹಿಂತಿರುವು (ಹೇರ್‌ಪಿನ್) ಇದ್ದರೆ ಮಾತ್ರ ಮೊದಲೇ ಟೂ ಹೈಗೆ, ಅಂದರೆ ಹಿಂದಿನ ಎರಡೇ ಚಕ್ರದ ಎಳೆತಕ್ಕೆ ತನ್ನಿ. ಒಣ ಕಾಂಕ್ರೀಟಿನ ಹಿಂತಿರುವಿನಲ್ಲಿ ಫೋರ್ ಲೋ (ನಾಲ್ಕೂ ಚಕ್ರದ ಎಳೆತ, ನಿಧಾನದ ಗೇರು) ಇನ್ನೂ ಕೆಟ್ಟದ್ದು, ಏಕೆಂದರೆ ಎಂಜಿನ್ನಿನ ಎಳೆತ ಅಲ್ಲಿ ಎರಡು ಪಟ್ಟಿಗೂ ಮಿಕ್ಕಿ ಬರುತ್ತದೆ. ಟಾರ್ ಘಟ್ಟ ಇಳಿಯಲು ಎಂಜಿನ್ ಬ್ರೇಕ್ ಬೇಕಿದ್ದರೆ ಟೂ ಹೈನಲ್ಲೇ ಎರಡನೇ ಗೇರು ಸಾಕು. ಮಂಜಿನಲ್ಲಿ ತೇವವಾದ ಟಾರ್ ಕೂಡ ಒಣ ಟಾರ್ ಲೆಕ್ಕವೇ. ಗುಡ್ಡ ಜರಿದು ರಸ್ತೆ ಮೇಲೆ ಕೆಸರು ಹರಡಿದ್ದರೆ ಆ ಮಾತು ಬೇರೆ.

ಎಕ್ಸ್‌ಯುವಿ 700ರಂಥ ಆಲ್ ವೀಲ್ ಡ್ರೈವ್ ಗಾಡಿಗಳಿಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ನಡುವೆ ಕ್ಲಚ್ ಇದ್ದು ಅದೇ ಸಡಿಲಿಸಿಕೊಳ್ಳುತ್ತದೆ.

ಲಿವರ್ ಕಚ್ಚಿಕೊಂಡು ಟೂ ಹೈಗೆ ಬರದಿದ್ದರೆ ಜಗ್ಗಾಡಬೇಡಿ, ಒಳಗೆ ಗೇರು ಸರಿಸುವ ಶಿಫ್ಟರ್ ಫೋರ್ಕ್ ಬಾಗುತ್ತದೆ. ಸ್ಟೇರಿಂಗ್ ನೆಟ್ಟಗೆ ಮಾಡಿ, ಹಿಂದೆ ಯಾರೂ ಇಲ್ಲವೆಂದು ನೋಡಿ, ಐದಾರು ಮೀಟರ್ ರಿವರ್ಸ್ ಹೋಗಿ. ಕ್ಲಚ್ ತುಳಿದು, ಗಾಡಿ ನಿಧಾನಕ್ಕೆ ಉರುಳುತ್ತಿರುವಾಗಲೇ ಲಿವರ್ ಎಳೆದರೆ ಬರುತ್ತದೆ. ಫೋರ್ ಲೋನಲ್ಲಿದ್ದರೆ ಪೂರ್ತಿ ನಿಲ್ಲಿಸಿಯೇ ಬಿಡಿಸಬೇಕು. ಅದಕ್ಕೂ ಬಗ್ಗದಿದ್ದರೆ ರಸ್ತೆ ಬದಿಯ ಮಣ್ಣಿಗೆ ಎರಡು ಚಕ್ರ ಇಳಿಸಿ ನಾಲ್ಕು ಮಾರು ಓಡಿಸಿ, ಟೈರು ಜಾರಿ ಬಿಗಿ ಬಿಡುತ್ತದೆ.

ಕ್ಯಾತನಮಕ್ಕಿಗೋ ಝರಿ ಫಾಲ್ಸ್‌ಗೋ ಹೋಗಿಬರುವ ಜೀಪುಗಳವರಲ್ಲಿ, ಪ್ರವಾಸಿಗರಿಗೆ ಬಾಡಿಗೆಗೆ ಥಾರ್ ಕೊಡುವವರಲ್ಲಿ ಒಂದು ಕೋರಿಕೆ. ಗಾಡಿಯ ಪುಸ್ತಕ ಯಾರೂ ಓದುವುದಿಲ್ಲ, ಲಿವರ್ ಪಕ್ಕದಲ್ಲೇ ಒಂದು ಕನ್ನಡದ ಸ್ಟಿಕ್ಕರ್ ಅಂಟಿಸಿ: ‘ಟಾರ್ ಬಂತು, ಟೂ ಹೈ ಹಾಕಿ.’ ಡ್ಯಾಶ್‌ಬೋರ್ಡಿನ ಫೋರ್ ಬೈ ಫೋರ್ ದೀಪ ಆರಿದೆಯೇ ಎಂದೂ ನೋಡಲು ಹೇಳಿ. ಲಿವರ್ ಬಂದರೂ ದೀಪ ಉರಿಯುತ್ತಿದ್ದರೆ ಒಳಗೆ ಇನ್ನೂ ಬಿಟ್ಟಿಲ್ಲ ಎಂದೇ ಅರ್ಥ.

– ಜೀಪು ರಿಪೇರಿ ಕೆಲಸಗಾರರು, ಮೂಡಿಗೆರೆ